ಗೋಡೆಯ ತೂತಿನಲ್ಲಿ ನೂರಾ ಹದಿನೇಳು

ಚಿಕ್ಕಪ್ಪ ಮಲಗಿದರೆ ಸುಚಿತಾಳ ಇಂಟರ್‌ನೆಟ್ ಸಾಯುತ್ತಿತ್ತು. ಚಿಕ್ಕಪ್ಪ ಎದ್ದು ಕೂತರೆ ಅದೂ ಎದ್ದು ಕೂರುತ್ತಿತ್ತು. ಎರಡಕ್ಕೂ ಸಂಬಂಧವಿದೆ ಎಂದು ಮೊದಲು ಗಮನಿಸಿದ್ದು ಅಜ್ಜಿ ದುರ್ಗಮ್ಮ. ಆದರೆ ಆಕೆ ಅದನ್ನು ಹೇಳಿದ ಹೊತ್ತಿಗೆ ಸುಚಿತಾ ಮೇಜಿನ ಕೆಳಗೆ ತೂರಿಕೊಂಡು, ಕೇಬಲ್ಲಿನ ತುದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಮೇಜಿನ ಕೆಳಗಿರುವವರಿಗೆ ಅಜ್ಜಿಯರ ಮಾತು ಕೇಳಿಸುವುದಿಲ್ಲ.

ಮನೆ ಇದ್ದದ್ದು ಮಂಕಿಯಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಒಂದೇ ಮನೆ, ನಡುವೆ ಒಂದು ಗೋಡೆ. ಗೋಡೆಯ ಈಚೆಗೆ ಸುಚಿತಾಳ ಅಪ್ಪ ಸೋಮ ಮೊಗೇರ, ಆಚೆಗೆ ಅವನ ತಮ್ಮ ಹಮ್ಮ. ಇಬ್ಬರಿಗೂ ಅವರಪ್ಪನಿಂದ ಬಂದದ್ದು ಒಂದೇ ಬೋಟು, ಅದರ ನಂಬರಿನ ಬಾಲ 117. ಆ ನಂಬರಿನ ಮೇಲೆ ಬಂಗಡೆ ಮೀನು ಬಂದಷ್ಟು ಬೇರೆ ಯಾವ ನಂಬರಿನ ಮೇಲೂ ಬಂದಿಲ್ಲ ಎಂಬುದು ಮನೆಯ ನಂಬಿಕೆ. ಹಾಗಾಗಿ ಅಪ್ಪನ ಬೈಕು 117, ಚಿಕ್ಕಪ್ಪನ ಮೊಬೈಲು 117ರಲ್ಲಿ ಮುಗಿಯುತ್ತಿತ್ತು. ಬೋಟಿಗೆ ವಯಸ್ಸಾಗಿ ಮಾರಿದಾಗ ಅಣ್ಣತಮ್ಮಂದಿರು ಬೇರೆ ಎಲ್ಲವನ್ನೂ ಜಗಳವಿಲ್ಲದೆ ಹಂಚಿಕೊಂಡರು. ನಂಬರು ಬರೆದ ಹಲಗೆ ಉಳಿಯಿತು. ಅದನ್ನು ಗರಗಸ ತಂದು ಕೊಯ್ದರು. ಹಿರಿಯವನೆಂದು ಅಪ್ಪನಿಗೆ ಎರಡು ಒಂದುಗಳು, ಚಿಕ್ಕಪ್ಪನಿಗೆ ಒಂದು ಏಳು. ಒಂದಕ್ಕಿಂತ ಏಳು ದೊಡ್ಡದು ಎಂದು ಚಿಕ್ಕಪ್ಪ ಅಂದ. ಏಳಕ್ಕಿಂತ ಹನ್ನೊಂದು ದೊಡ್ಡದು ಎಂದು ಅಪ್ಪ ಅಂದ. ಅಲ್ಲಿಗೆ ಮಾತು ನಿಂತಿತು. ಆಮೇಲೆ ಗೋಡೆ ಎದ್ದಿತು.

ಮಾತು ಬಿಟ್ಟದ್ದು ಗಂಡಸರು ಮಾತ್ರ. ಸುಚಿತಾಳ ಅಮ್ಮನೂ ಚಿಕ್ಕಮ್ಮ ಲಕ್ಕಿಯೂ ಬೆಳಿಗ್ಗೆ ಒಂದೇ ಟೆಂಪೋದಲ್ಲಿ ಹೊನ್ನಾವರದ ಮೀನು ಮಾರ್ಕೆಟ್ಟಿಗೆ ಹೋಗಿ, ಒಂದೇ ಟೆಂಪೋದಲ್ಲಿ ಬರುತ್ತಿದ್ದರು. ಅಜ್ಜಿ ಮಧ್ಯಾಹ್ನ ಒಂದು ಕಡೆ ಉಂಡರೆ ರಾತ್ರಿ ಇನ್ನೊಂದು ಕಡೆ. ಗೋಡೆ ಕಟ್ಟುವಾಗ ಆಕೆ ಹಾಕಿದ್ದು ಒಂದೇ ಷರತ್ತು: ಸಾರಿನ ಪಾತ್ರೆ ದಾಟುವಷ್ಟು ತೂತು ನಡುವೆ ಇರಬೇಕು. ತೂತು ಬಿಟ್ಟರು. ಮುಂದೆ ಇಂಟರ್‌ನೆಟ್ಟಿನ ಹುಡುಗ ಬಂದು, ಮನೆ ನಂಬರ್ ಒಂದೇ ಇದೆ, ಒಂದೇ ಲೈನ್ ಎಂದ. ಯಾರ ಬದಿಗೆ ಇಡುವುದು? ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ನಿಂತರು. ಹುಡುಗ ರೌಟರನ್ನು ಸಾರಿನ ತೂತಿನಲ್ಲಿ ಇಟ್ಟು, ಆಚೆಗೊಂದು ವೈರು ಈಚೆಗೊಂದು ವೈರು ಬಿಟ್ಟು ಹೊರಟುಹೋದ. ಉಪ್ಪುಗಾಳಿಗೆ ಅದರ ವೈಫೈ ಒಂದೇ ಮಳೆಗಾಲದಲ್ಲಿ ಸತ್ತಿತು, ವೈರು ಮಾತ್ರ ಬದುಕಿತು. ಸಾರು ಈಗ ಅಂಗಳ ಸುತ್ತಿ ಬರುತ್ತದೆ.

ಸುಚಿತಾಳ ಕಂಪ್ಯೂಟರು ಯಾವುದೋ ಮುಚ್ಚಿದ ಆಫೀಸಿನಿಂದ ಬಂದದ್ದು. ಬರುವಾಗಲೇ ಅದರ ವಿಂಡೋಸ್ ಏದುಸಿರು ಬಿಡುತ್ತಿತ್ತು. ವಿಡಿಯೋ ನೋಡಿ ನೋಡಿ ಅವಳೇ ಅದರ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದಳು. ಅಪ್ಪ ಪಕ್ಕದಲ್ಲಿ ಬಲೆ ಹೆಣೆಯುತ್ತ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುವುದನ್ನು ಬೋಟಿನ ಇಂಜಿನ್ ಬಿಚ್ಚಿದಾಗ ನೋಡುವಂತೆ ನೋಡುತ್ತಿದ್ದ. ಒಂದು ದಿನ ಕೇಳಿದ: “ಇದ್ಕೆ ನಂಬರ್ ಇಲ್ವಾ?”

“ಅದೆ ಅಪ್ಪ. ಇಗಾ.” ಅವಳು ತೋರಿಸಿದಳು. 192.168.1.104. ಮೊದಲಿನದೆಲ್ಲ ಮನೆಯೊಳಗಿನ ಎಲ್ಲ ಯಂತ್ರಗಳಿಗೂ ಒಂದೇ, ಊರಿನ ಹೆಸರಿನ ಹಾಗೆ. ಕೊನೆಯದು ಮಾತ್ರ ಅವರವರದು.

ಮಾರನೆಯ ದಿನ ಅಪ್ಪ ನೋಡುವಾಗ ಅದು 109 ಆಗಿತ್ತು.

“ನಿನ್ನೆ ಬೇರೆ ಇತ್ತಲ್ಲೇ?”

“ರೌಟರ್ ಕೊಡ್ತದೆ. ಒಂದೊಂದ್ಸಲ ಒಂದೊಂದು.”

ಅಪ್ಪ ಬಲೆಯನ್ನು ಕೆಳಗಿಟ್ಟ. “ದಿನಾ ನಂಬರ್ ಬದ್ಲಾಗೂ ಬೋಟನ್ನ ಕೋಸ್ಟ್‌ಗಾರ್ಡ್‌ನವ್ರು ಎಂತ ಮಾಡ್ತ್ರು ಗೊತ್ತದ್ಯಾ? ಹಿಡ್ದು ದಡಕ್ಕೆ ಎಳ್ಕ ಬತ್ತ್ರು. ಮರ್ಯಾದಿ ಇದ್ದ ವಸ್ತುಗೆ ಒಂದು ನಂಬರ್ ಇರ್ಬೇಕು.”

ಯಾವ ನಂಬರ್ ಎಂದು ಅವಳು ಕೇಳಲಿಲ್ಲ. ಸೆಟ್ಟಿಂಗಿಗೆ ಹೋಗಿ, ‘ತಾನಾಗಿ’ ಎಂದಿದ್ದನ್ನು ‘ಕೈಯಿಂದ’ ಎಂದು ಬದಲಿಸಿ, ಕೊನೆಗೆ 117 ಎಂದು ಒತ್ತಿದಳು. ಪರದೆಯ ಮೂಲೆಯಲ್ಲಿ ಅದು ಯಾವಾಗಲೂ ಕಾಣುವಂತೆಯೂ ಮಾಡಿದಳು. ಅಪ್ಪ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಅದೇ ಕೈಯಲ್ಲಿ ಕಂಪ್ಯೂಟರನ್ನೂ ಹಚ್ಚಿ, ಮೂಲೆಯ ನಂಬರ್ ನೋಡಿ, ಆಮೇಲೆ ಚಹಾ ಕುಡಿಯುವುದು ರೂಢಿಯಾಯಿತು. ಏನೂ ತೊಂದರೆಯಾಗಲಿಲ್ಲ. ಸುಚಿತಾ ಅದನ್ನು ಮರೆತೇಬಿಟ್ಟಳು.

ತೊಂದರೆ ಶುರುವಾದದ್ದು ಆಗಬಾರದ ವಾರದಲ್ಲೇ. ಕುಮಟೆಯ ಮಾಲತಿ ಮೇಡಂ ಒಂದು ಸಣ್ಣ ಆಫೀಸು ನಡೆಸುತ್ತಿದ್ದರು. ಗೋಕರ್ಣದಿಂದ ಮುರ್ಡೇಶ್ವರದವರೆಗಿನ ಲಾಡ್ಜು, ಹೋಮ್‌ಸ್ಟೇಗಳ ಕಂಪ್ಯೂಟರಿಗೆ ಕಾಯಿಲೆ ಬಂದರೆ ಅವರ ಕಡೆಯ ಹುಡುಗಿಯರು ತಮ್ಮ ತಮ್ಮ ಮನೆಯಲ್ಲೇ ಕೂತು ದೂರದಿಂದ ರಿಪೇರಿ ಮಾಡುತ್ತಿದ್ದರು. ಸುಚಿತಾಳನ್ನು ಒಂದು ವಾರ ಪರೀಕ್ಷೆಗೆ ಇಟ್ಟುಕೊಂಡಿದ್ದರು. ಶುಕ್ರವಾರ ಮಧ್ಯಾಹ್ನ ಊಟದ ಮೇಲೆ ತಾವೇ ಲೈನಿನಲ್ಲಿ ಕೂತು ಅವಳ ಕೆಲಸ ನೋಡುವವರಿದ್ದರು. ಸೋಮವಾರ ಮಾತಿನ ಮಧ್ಯೆ ಲೈನ್ ಹೋದಾಗ ಮೇಡಂ ನಕ್ಕರು. ಮಂಗಳವಾರ ನಗಲಿಲ್ಲ.

“ನೋಡು ತಂಗಿ,” ಎಂದರು, “ನೆಟ್ ರಿಪೇರಿ ಮಾಡೋಳ ನೆಟ್ಟೇ ದಿನಾ ಹೋದ್ರೆ ನಾನು ಲಾಡ್ಜಿನವರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಶುಕ್ರವಾರ ಒಂದ್ಸಲ ಹೋದ್ರೂ ನಾ ಬೇರೆಯವರನ್ನ ನೋಡ್ತೇನೆ. ಬೇಜಾರು ಮಾಡ್ಕೋಬೇಡ.”

ಈ ಕೆಲಸ ತಪ್ಪಿದರೆ ಏನು ಕಾದಿದೆ ಎಂಬುದು ಸುಚಿತಾಳಿಗೆ ಚೆನ್ನಾಗಿ ಗೊತ್ತಿತ್ತು. ಭಟ್ಕಳದಲ್ಲಿ ಸೋದರಮಾವನ ಫ್ಲೆಕ್ಸ್ ಅಂಗಡಿ. ಹಿಂದೆ ಅಲ್ಲಿ ಕೂತು ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಮರಿ ಮುಖಂಡರ ಮುಖಕ್ಕೆ ಬಿಳಿ ಬಳಿದಿದ್ದಳು. ಒಬ್ಬನಿಗೆ ಕಪ್ಪಾಯಿತು, ಇನ್ನೊಬ್ಬನಿಗೆ ಸಾಕಷ್ಟು ಬೆಳ್ಳಗಾಗಲಿಲ್ಲ, ಮತ್ತೊಬ್ಬನಿಗೆ ಪಕ್ಕದವನು ತನಗಿಂತ ದೊಡ್ಡದಾಗಿ ಕಂಡ. ಕನಸಿನಲ್ಲೂ ಅವರೆಲ್ಲ ಕೈಮುಗಿದು ನಗುತ್ತ ಬರುತ್ತಿದ್ದರು. ಮಾವ ಈಗಾಗಲೇ ಖುರ್ಚಿ ಒರೆಸಿ ಇಟ್ಟಿರುವುದಾಗಿ ಫೋನು ಮಾಡಿದ್ದ.

ಹಾಗಾಗಿ ಅವಳು ರಿಪೇರಿಗೆ ಕೂತಳು. ಕೇಬಲ್ ಕಿತ್ತು ಹಾಕಿದಳು, ಬೇರೆ ಕೇಬಲ್ ಹಾಕಿದಳು. ನೆಟ್‌ವರ್ಕ್ ಕಾರ್ಡು ಎಚ್ಚರವಾಗಿದೆಯಾ ಎಂದು ಕಂಪ್ಯೂಟರನ್ನು ಕೇಳಿದಳು. ಎಚ್ಚರವಾಗಿದೆ ಎಂದಿತು. ವಿಳಾಸ ಇದೆಯಾ? ಇದೆ. ದಾರಿ ಗೊತ್ತಾ? ಗೊತ್ತು. ಕಂಪ್ಯೂಟರಿನ ಪ್ರಕಾರ ಎಲ್ಲವೂ ಸರಿಯಾಗಿತ್ತು. ಸಮಸ್ಯೆ ಇರುವ ಮನೆಯಲ್ಲಿ ಎಲ್ಲರೂ ಹೇಳುವುದು ಹೀಗೇ.

ರೌಟರಿಗೆ ಪಿಂಗ್ ಕಳಿಸಿದಳು. ಅಂದರೆ, ಇದ್ದೀಯಾ ಎಂದು ಒಂದೇ ಸಮ ಕೂಗುವುದು. ಇದ್ದೇನೆ, ಇದ್ದೇನೆ ಎಂದು ಸಾಲು ಸಾಲಾಗಿ ಉತ್ತರ ಬಂತು. ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತಿತು. ಸ್ವಲ್ಪ ಹೊತ್ತಿಗೆ ನಾಲ್ಕಾರು ಬಂದವು, ಮತ್ತೆ ನಿಂತವು. ಡ್ರೈವರ್ ಬದಲಿಸಿದಳು. ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲಿ ಹಳೆಯದಕ್ಕೆ ಹೋದಳು, ಹೊಸದಕ್ಕೆ ಬಂದಳು. ಬಾವಿಕಟ್ಟೆ ಹತ್ತಿದರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುವ ಮನೆ ಅದು. ಅಲ್ಲಿ ನಿಂತು ಜಗತ್ತಿನ ಲಿನಕ್ಸ್ ಪಂಡಿತರೆಲ್ಲ ಸೇರುವ ವೇದಿಕೆಗಳನ್ನು ಓದಿದಳು. ಅವಳದೇ ತೊಂದರೆ ಇದ್ದವನೊಬ್ಬ ಅಲ್ಲಿ ಸಿಕ್ಕಿದ. ಪಂಡಿತರು ಅವನ ಪ್ರಶ್ನೆಯ ವ್ಯಾಕರಣ ತಿದ್ದಿದ್ದರು, ಬೇರೆ ಲಿನಕ್ಸ್ ಹಾಕಿಕೋ ಎಂದಿದ್ದರು, ತಮ್ಮತಮ್ಮಲ್ಲೇ ಹೊಡೆದಾಡಿಕೊಂಡಿದ್ದರು. ಕೊನೆಯಲ್ಲಿ ಆ ಮನುಷ್ಯ, “ಸರಿಯಾಯಿತು, ಧನ್ಯವಾದ” ಎಂದು ಬರೆದು, ಹೇಗೆ ಸರಿಯಾಯಿತೆಂದು ಹೇಳದೆ ಹೋಗಿಬಿಟ್ಟಿದ್ದ. ಅವನ ಮೇಲೆ ಅವಳಿಗೆ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಬೇರೆ ಯಾರ ಮೇಲೂ ಬಂದಿರಲಿಲ್ಲ.

ಅಪ್ಪನೂ ಸುಮ್ಮನಿರಲಿಲ್ಲ. ವೈರಿನ ಜೋಡಣೆಗೆಲ್ಲ ಬೋಟಿನ ಬಿರುಕಿಗೆ ಹಚ್ಚುವ ಎಂ-ಸೀಲ್ ಮೆತ್ತಿದ. ಕಂಪ್ಯೂಟರಿನ ಪೆಟ್ಟಿಗೆಯನ್ನು ಅಕ್ಕಿ ಡಬ್ಬದ ಮೇಲೆ ಏರಿಸಿದ. “ವೈರ್‌ಲೆಸ್ ಸೆಟ್ ಯಾವಾಗ್ಲೂ ಎತ್ರದಲ್ಲಿ ಇರ್ಬೇಕು,” ಎಂದ.

“ಇದು ವೈರಿಂದು ಅಪ್ಪ.”

“ವೈರಿಂದೂ ಎತ್ರದಲ್ಲಿದ್ರೆ ಎಂತ ನಷ್ಟ?”

ಅಜ್ಜಿ ಬಾಗಿಲಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಬುಧವಾರ ಮತ್ತೆ ಅಂದಳು: “ಹಮ್ಮ ಮಲ್ಗಿದ. ಈಗ ನಿಂದು ನಿಲ್ತದೆ ನೋಡು.”

ಸುಚಿತಾ ಈ ಸಲ ಮೇಜಿನ ಮೇಲ್ಗಡೆಯೇ ಇದ್ದಳು. ಪರದೆಯಲ್ಲಿ ಪಿಂಗ್ ಓಡುತ್ತಿತ್ತು. ಗೋಡೆಯಾಚೆ ಮಂಚ ಕಿರುಗುಟ್ಟಿತು. ಚಿಕ್ಕಪ್ಪನ ಗೊರಕೆ ಮೊದಲು ಸಣ್ಣಗೆ, ಆಮೇಲೆ ಡೀಸೆಲ್ ಹಿಡಿದ ಇಂಜಿನ್ನಿನ ಹಾಗೆ ಎದ್ದಿತು. ಅಷ್ಟರಲ್ಲೇ ಪಿಂಗ್ ನಿಂತಿತ್ತು. ಅವಳು ಕೈಕಟ್ಟಿ ಕೂತು ಕಾದಳು. ಬಹಳ ಹೊತ್ತಿನ ಮೇಲೆ ಆಚೆಯಿಂದ ಕೆಮ್ಮು, ಆಕಳಿಕೆ, ನೀರು ಮುಕ್ಕಳಿಸುವ ಸದ್ದು. ಪಿಂಗ್ ಬಂತು.

“ನಾ ಹೇಳ್ಲಿಲ್ವಾ?” ಎಂದ ಅಪ್ಪ, ಇಲ್ಲಿಯವರೆಗೆ ಏನೂ ಹೇಳದಿದ್ದವನು. “ಮಲ್ಗಿದಾಗೂ ಅವ್ನಿಗೆ ನಮ್ಮದೇ ಚಿಂತೆ. ಬರೀ ಹೊಟ್ಟೆಕಿಚ್ಚು.”

ಹೊಟ್ಟೆಕಿಚ್ಚಿನಿಂದ ಲೈನ್ ಕಟ್ಟಾಗುವ ಬಗ್ಗೆ ವೇದಿಕೆಗಳಲ್ಲಿ ಏನೂ ಇರಲಿಲ್ಲ. ಆದರೆ ಗುರುವಾರ ಬಾವಿಕಟ್ಟೆಯ ಮೇಲೆ ಅವಳಿಗೆ ಒಂದು ಕಮಾಂಡ್ ಸಿಕ್ಕಿತು. ನಿನ್ನ ವಿಳಾಸವನ್ನೇ ನೀನು ಎಲ್ಲರೆದುರು ಕೂಗು, ಎಂದಿತ್ತು ಅದು. ನೂರಾ ಹದಿನೇಳು ಯಾರು? ನೀನೇ ನೂರಾ ಹದಿನೇಳು ಆದ್ದರಿಂದ ಯಾರೂ ಓಗೊಡಬಾರದು.

ಚಿಕ್ಕಪ್ಪ ಎಚ್ಚರವಿದ್ದಾಗ ಕೂಗಿದಳು. ಯಾರೂ ಓಗೊಡಲಿಲ್ಲ.

ಚಿಕ್ಕಪ್ಪ ಮಲಗಿದ ಮೇಲೆ ಕೂಗಿದಳು. ಒಬ್ಬ ಓಗೊಟ್ಟ.

ತನ್ನ ಹೆಸರನ್ನು ತಾನೇ ಕರೆದು, ಪಕ್ಕದ ಕೋಣೆಯಿಂದ “ಎಂತ?” ಎಂದು ಕೇಳಿಸಿಕೊಂಡ ಹಾಗಾಯಿತು ಅವಳಿಗೆ. ಉತ್ತರದ ಜೊತೆ ಆ ಯಂತ್ರದ ಹುಟ್ಟುಗುರುತೂ ಬಂದಿತ್ತು. ಅದನ್ನು ಮೊಬೈಲಿನಲ್ಲಿ ಹುಡುಕಿದರೆ ಕ್ಯಾಮೆರಾ ಪೆಟ್ಟಿಗೆ ಮಾಡುವ ಕಂಪನಿಯ ಹೆಸರು.

ಅಂಗಳ ಸುತ್ತಿ ಆಚೆ ಮನೆಗೆ ಹೋದಳು. ಹಿತ್ತಿಲಿನ ತುಂಬ ಚಾಪೆಯ ಮೇಲೆ ಚಿಕ್ಕಮ್ಮನ ಮೀನು ಒಣಗುತ್ತಿತ್ತು. ಮಾಡಿನ ಅಂಚಿನಿಂದ ಒಂದು ಹೊಸ ಕ್ಯಾಮೆರಾ ಅದನ್ನೇ ದಿಟ್ಟಿಸುತ್ತಿತ್ತು. ಕ್ಯಾಮೆರಾದ ಕೆಳಗೇ ಎರಡು ಕಾಗೆಗಳು ಅವಸರವಿಲ್ಲದೆ ಊಟ ಮಾಡುತ್ತಿದ್ದವು. ಒಳಗೆ ಚಿಕ್ಕಪ್ಪ ಮಲಗಿದ್ದ. ಅವನ ತಲೆಯ ಮೇಲೆ ಹಲಗೆಯಲ್ಲಿ ಕಪ್ಪು ಪೆಟ್ಟಿಗೆ, ಅದರ ವೈರು ಸೀದಾ ಗೋಡೆಯ ತೂತಿಗೆ.

“ಚಿಕ್ಕಪ್ಪಾ.”

“ಕಾಗೆಯಾ?” ಚಿಕ್ಕಪ್ಪ ಕಣ್ಣು ಬಿಡುವ ಮೊದಲೇ ಕೋಲು ಹಿಡಿದಿದ್ದ.

“ಕಾಗೆಯೂ ಅದೆ. ನಾನೂ ಬಂದೆ. ಈ ಪೆಟ್ಟಿಗೆ ಯಾವಾಗ ಬಂತು?”

ಹಿಂದಿನ ಭಾನುವಾರ ಬಂದಿತ್ತು. ವ್ಯವಸ್ಥೆ ಹೀಗಿತ್ತು: ಎಚ್ಚರವಿದ್ದಾಗ ಚಿಕ್ಕಪ್ಪನೇ ಮೀನು ಕಾಯುವುದು, ಆಗ ಪೆಟ್ಟಿಗೆ ಬಂದ್. ಇಬ್ಬಿಬ್ಬರು ಕಾವಲುಗಾರರು ಎಂತಕ್ಕೆ? ಮಲಗುವಾಗ ಮಾತ್ರ ಸ್ವಿಚ್ ಹಾಕುವುದು. ಆಗ ಚಿತ್ರವು ಹೊನ್ನಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿರುವ ಚಿಕ್ಕಮ್ಮನ ಮೊಬೈಲಿಗೆ ಹೋಗುತ್ತದೆ. ಕಾಗೆಯೋ ಬೆಕ್ಕೋ ಕಂಡರೆ ಆಕೆ ಅಲ್ಲಿಂದ ಫೋನು ಮಾಡಬೇಕು. ಕಿಟಕಿ ಸರಳಿಗೆ ಕಟ್ಟಿದ ಚಿಕ್ಕಪ್ಪನ ಮೊಬೈಲಿಗೆ ರಿಂಗಾಗುವಷ್ಟು ಸಿಗ್ನಲ್ ಇದೆ. ಅವನು ಎದ್ದು ಓಡಿಸಬೇಕು.

“ಆದ್ರೆ ಸುಡುಗಾಡಿಂದು, ಚಿತ್ರ ಅಲ್ಲೇ ಕಚ್ಕಂಡು ನಿಲ್ತದೆ,” ಎಂದ ಚಿಕ್ಕಪ್ಪ. “ನಿನ್ ಚಿಕ್ಕಮ್ಮ ಫೋನ್ ನೋಡ್ಕಂಡು ಹಾಯಾಗಿ ಕೂತಿರ್ತ್ಲು. ಫೋನಲ್ಲಿ ಕಾಗೆ ಇಲ್ಲ, ಚಾಪೆಲಿ ಮೀನಿಲ್ಲ. ನಿಮ್ಮ ಕಂಪ್ಯೂಟರ್ ನಮ್ ಲೈನ್ ಎಳ್ಕಳ್ತದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು.”

“ಪೆಟ್ಟಿಗೆಗೆ ಎಂತ ನಂಬರ್ ಕೊಟ್ರು?”

“ಎಂತ ನಂಬರ್ ಕೊಡೂದು ಅಂತ ಕ್ಯಾಮೆರಾದವ ಕೇಳ್ದ. ಇದು ಕೇಳೂ ಮಾತಾ?”

ಸುಚಿತಾ ಹಣೆ ಹಿಡಿದು ಅಲ್ಲೇ ಮಂಚದ ತುದಿಗೆ ಕೂತಳು. ಇನ್ನೂರಕ್ಕೂ ಹೆಚ್ಚು ನಂಬರು ಖಾಲಿ ಬಿದ್ದಿರುವ ಬಂದರಿನಲ್ಲಿ ಎರಡು ಬೋಟುಗಳು ಒಂದೇ ನಂಬರ್ ಬರೆದುಕೊಂಡು ನಿಂತಿದ್ದವು. ರೌಟರ್ ಪಾಪ, ಒಮ್ಮೆ ಇವರ ಪತ್ರ ಅವರಿಗೆ, ಒಮ್ಮೆ ಅವರ ಪತ್ರ ಇವರಿಗೆ ಕೊಡುತ್ತಿತ್ತು. ಪರಿಹಾರ ಸುಲಭವಿತ್ತು. ಅವಳು ಮನೆಗೆ ಬಂದು ತನ್ನದನ್ನು 118 ಮಾಡಿದಳು. ಚಿಕ್ಕಪ್ಪ ಮತ್ತೆ ಮಲಗಿದ. ಲೈನ್ ಅಲುಗಲಿಲ್ಲ. ಅವತ್ತು ಸುಚಿತಾ ಎರಡು ತುತ್ತು ಹೆಚ್ಚೇ ಉಂಡಳು.

ಶುಕ್ರವಾರ ಬೆಳಿಗ್ಗೆ ಅಪ್ಪ ದೀಪ ಹಚ್ಚಿ, ಕಂಪ್ಯೂಟರ್ ಹಚ್ಚಿ, ಮೂಲೆಗೆ ನೋಡಿದ. ಚಹಾ ಕುಡಿಯಲಿಲ್ಲ.

“ಇದ್ಯಾರದ್ದು ನಂಬರ್?”

ಅವಳು ಹೇಳಿದಳು. ಹೇಳಬಾರದಿತ್ತು. ಅಪ್ಪ ಎದ್ದು ಮೇನ್ ಸ್ವಿಚ್ಚಿನ ಕೆಳಗೆ ಸ್ಟೂಲು ಹಾಕಿ ಕೂತ. ಕರೆಂಟು ತೆಗೆದ.

“ಅವ್ನ ಕಾಗೆ ಪೆಟ್ಟಿಗೆ ಸಲುವಾಗಿ ನಾವು ನಂಬರ್ ಬಿಡೂದಾ? ಅವ ಬಿಡ್ಲಿ. ಅಲ್ಲೀವರಿಗೆ ಇದು ಶುರುವಾಗೂದಿಲ್ಲ.”

“ಅಪ್ಪ, ಇವತ್ತು ಮೇಡಂ ನೋಡ್ತ್ರು! ಇವತ್ತೇ!”

“ಹಂಗಾರೆ ಅವ್ನಿಗೆ ಬೇಗ ಬಿಡೂಕೆ ಹೇಳು.”

“ನಾಳೆಯಿಂದ ಭಟ್ಕಳದಲ್ಲಿ ಬ್ಯಾನರಿಗೆ ಬಿಳಿ ಬಳೀಲಾ ಹಂಗಾರೆ?”

ಅಪ್ಪನ ಮುಖ ಒಂದು ಕ್ಷಣ ಸಡಿಲಾಯಿತು. ಆದರೆ ಆಚೆಯಿಂದ ಚಿಕ್ಕಪ್ಪ ಜೋರಾಗಿ ಗಂಟಲು ಸರಿಮಾಡಿಕೊಂಡದ್ದು ಕೇಳಿ ಮತ್ತೆ ಬಿಗಿಯಿತು. ತೂತಿನಿಂದ ಎಲ್ಲವೂ ಕೇಳುತ್ತಿತ್ತು. ಸುಚಿತಾ ಅಜ್ಜಿಯನ್ನು ಕರೆತಂದು ತೂತಿನ ಪಕ್ಕ ನಿಲ್ಲಿಸಿದಳು. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಆಡಬೇಕಾದ ಮಾತೆಲ್ಲ ಆಕೆಯ ಮೂಲಕವೇ ಹೋಗಬೇಕಿತ್ತು.

“ಅವ್ನಿಗೆ ಹೇಳಮ್ಮ,” ಎಂದ ಅಪ್ಪ, “ಅಪ್ಪಯ್ಯನ ನಂಬರ್ ಹಿರೀಮಗನಿಗೆ ಹೋಗೂದು.”

“ನಂಬರ್ ಹಿರಿಯವನಿಗಂತೆ,” ಎಂದಳು ಅಜ್ಜಿ ತೂತಿನೊಳಗೆ.

“ಆ ಮುದಿ ಏಡಿಗೆ ಹೇಳು, ಅವ್ನ ಬಾಗ್ಲಲ್ಲಿ ಇರೂದು ಹನ್ನೊಂದು. ಹನ್ನೊಂದೇ ಇಟ್ಕಳ್ಲಿ. ಏಳು ನನ್ ಹತ್ರ ಅದೆ. ಏಳು ಇಲ್ದೆ ನೂರಾ ಹದಿನೇಳು ಎಲ್ಲಿಂದ ಬಂತು?”

“ಏಳು ಅವ್ನ ಹತ್ರ ಅದೆಯಂತೆ,” ಎಂದಳು ಅಜ್ಜಿ. ಮುದಿ ಏಡಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

“ಕಾಗೆ ಓಡ್ಸೂಕೆ ಯಾವ ನಂಬರ್ ಆದ್ರೆ ಎಂತ ಅಂತ ಕೇಳು! ಮೂರು ಹೊತ್ತೂ ಮಲ್ಗೂ ಸೋಮಾರಿಗೆ ನಂಬರ್ ಯಾಕೆ ಕೇಳು!”

“ಮಲ್ಗೂಕೆ ನಂಬರ್ ಬೇಕಾ ಅಂತ ಕೇಳ್ತ.”

“ಮಿಷನ್ ಮುಂದೆ ಕೂತ್ಕಂಡು ಬೆರಳು ಕುಣ್ಸೂಕೆ ಬೇಕಾ ಅಂತ ಕೇಳು!”

ಅಜ್ಜಿ ಇದನ್ನು ದಾಟಿಸಲಿಲ್ಲ. ಬಾಯಲ್ಲಿದ್ದ ಎಲೆಯನ್ನು ಹೊರಗೆ ಉಗುಳಿ ಬಂದಳು. ಆಮೇಲೆ, ಇಬ್ಬರಿಗೂ ಕೇಳುವಂತೆ, ತೂತಿನ ಮಧ್ಯಕ್ಕೆ ಅಂದಳು:

“ನಂಬರ್ ನಿಮ್ಮಪ್ಪನ ಬೆನ್ ಮೇಲೆ ಬರ್ದಿತ್ತನಾ? ಬೋಟಿನ ಮೇಲೆ ಬರ್ದಿತ್ತು. ಅವ್ರು ಹೋದ್ರು, ನಂಬರ್ ಹೋತಾ? ಹತ್ತಿದವ್ರೆಲ್ಲ ಅದೇ ನಂಬರಿನ ಮೇಲೆ ಹೋಗಿ, ಅದೇ ನಂಬರಿನ ಮೇಲೆ ಬರ್ತಿದ್ರು. ಅಡುಗೆ ಮಾಡೂಕೆ ಹೋದ ಅಣ್ಣಪ್ಪನೂ ನೂರಾ ಹದಿನೇಳೇ. ಬೋಟ್ ಇಲ್ದೆ ನಂಬರಿಗೆ ಹೊಡ್ಕಳ್ತ್ರಲ್ಲ, ನಾಚ್ಕಿ ಇಲ್ದವ್ರು.”

ಸುಚಿತಾ ತೂತಿನೊಳಗೆ ನೋಡಿದಳು. ಧೂಳು ಹಿಡಿದ ರೌಟರ್ ಅರ್ಧ ಆಚೆ, ಅರ್ಧ ಈಚೆ ಕೂತಿತ್ತು. ಅದರ ನಂಬರ್ ಒಂದು. ಅಂಗಡಿಯಿಂದ ಬರುವಾಗಲೇ ಬಂದದ್ದು. ಆ ನಂಬರನ್ನು ಯಾರೂ ಇಲ್ಲಿಯವರೆಗೆ ಕೇಳಿರಲಿಲ್ಲ.

“ಅಪ್ಪ,” ಎಂದಳು ನಿಧಾನವಾಗಿ. “ಚಿಕ್ಕಪ್ಪ, ನೀವೂ ಕೇಳಿ. ನಮ್ ಕಂಪ್ಯೂಟರಾಗ್ಲಿ, ನಿಮ್ ಕ್ಯಾಮೆರಾ ಆಗ್ಲಿ, ಹೊರಗೆ ಹೋಗ್ಬೇಕಾದ್ರೆ ಈ ರೌಟರ್ ಹತ್ಕಂಡೇ ಹೋಗ್ಬೇಕು. ಬರೂವಾಗೂ ಇದ್ರಲ್ಲೇ ಬರ್ಬೇಕು. ಇದೇ ಬೋಟು. ನೂರಾ ಹದಿನೇಳನ್ನ ಇದ್ಕೆ ಬರ್ದ್ರೆ?”

“ಬರೀಲಿಕ್ಕೆ ಬತ್ತದ್ಯಾ?” ಎಂದ ಅಪ್ಪ.

“ಬತ್ತದೆ.”

“ಮತ್ತೆ ನಮ್ಗೆ?”

“ನಾವು ಖಲಾಸಿಗಳು. ಅದು ಯಾವ ಜಾಗ ಕೊಡ್ತದೋ ಅಲ್ಲಿ ಕೂರೂದು.”

ಖಲಾಸಿ, ಅಂದರೆ ಬೋಟಿನ ಆಳು, ಎಂಬ ಮಾತು ಇಬ್ಬರಿಗೂ ಅಷ್ಟು ಹಿಡಿಸಲಿಲ್ಲ, ಆದರೆ ಇಬ್ಬರಿಗೂ ಅದೇ ಜಾಗ ಎಂಬುದು ಹಿಡಿಸಿತು. ಆಮೇಲೆ ಚಿಕ್ಕಪ್ಪನಿಂದ ಅಜ್ಜಿಯ ಮೂಲಕ ಹೊಸ ಪ್ರಶ್ನೆ ಬಂತು: ಬೋಟಿನ ಮೂತಿ ಯಾವ ಕಡೆಗೆ? ನೋಡಿದರೆ ರೌಟರಿನ ದೀಪದ ಸಾಲು ಅಪ್ಪನ ಬದಿಗಿತ್ತು, ವೈರು ಚುಚ್ಚಿದ ಹಿಂಭಾಗ ಚಿಕ್ಕಪ್ಪನ ಬದಿಗಿತ್ತು. ಇಷ್ಟು ವರ್ಷ ತನಗೆ ಹಿಂಭಾಗ ತೋರಿಸಿದ್ದಾರೆ ಎಂದು ಚಿಕ್ಕಪ್ಪ ಬಹಳ ನೊಂದುಕೊಂಡ. ಸುಚಿತಾ ರೌಟರನ್ನು ಅಡ್ಡ ತಿರುಗಿಸಿಟ್ಟಳು. ಈಗ ಮೂತಿ ಕಡಲಿನ ಕಡೆಗೆ. ಇದಕ್ಕೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಅಪ್ಪ ಸ್ಟೂಲಿನಿಂದ ಎದ್ದು ಕರೆಂಟು ಹಾಕಿದ.

ಅಡುಗೆಮನೆಯಲ್ಲಿ ಅನ್ನ ಬೇಯುವ ವಾಸನೆ ಬರತೊಡಗಿತ್ತು. ಊಟದ ಮೇಲೆ ಮೇಡಂ. ಸುಚಿತಾ ರೌಟರಿನ ಪುಟ ತೆರೆದು, ಒಂದನ್ನು ಅಳಿಸಿ, ನೂರಾ ಹದಿನೇಳು ಬರೆದು, ಕಣ್ಣು ಮುಚ್ಚಿ ಒತ್ತಿದಳು. ತಕ್ಷಣ ಎಲ್ಲವೂ ಹೋಯಿತು. ಹಳೆಯ ವಿಳಾಸದಲ್ಲಿ ಕರೆದರೆ ರೌಟರ್ ಓಗೊಡಲಿಲ್ಲ. ಹೊಸದರಲ್ಲಿ ಕರೆದರೂ ಇಲ್ಲ. ಅಪ್ಪ ಅವಳ ಬೆನ್ನ ಹಿಂದೆ ನಿಂತು, ಕೈಯಲ್ಲಿ ಬಲೆ ಇಲ್ಲದಿದ್ದರೂ ಬಲೆ ಎಳೆಯುವ ಹಾಗೆ ಬೆರಳು ಆಡಿಸುತ್ತಿದ್ದ.

“ಮುಳ್ಗಿತಾ?”

“ಸುಮ್ನಿರಿ ಅಪ್ಪ.”

ತನ್ನ ಕಂಪ್ಯೂಟರನ್ನು ‘ಕೈಯಿಂದ’ ತೆಗೆದು ಮತ್ತೆ ‘ತಾನಾಗಿ’ಗೆ ಹಾಕಿದಳು. ನೆಟ್‌ವರ್ಕನ್ನು ಇಳಿಸಿ ಏರಿಸಿದಳು. ಪರದೆಯ ಮೇಲೆ ಚುಕ್ಕೆಗಳು ಸುತ್ತಿದವು. ಆಮೇಲೆ ಮೂಲೆಯಲ್ಲಿ ಎರಡು ಸಾಲು ಮೂಡಿದವು: ನೀನು 102. ನಿನ್ನ ದಾರಿ 117. ಓಡಿ ಅಂಗಳ ಸುತ್ತಿ ಹೋಗಿ ಚಿಕ್ಕಪ್ಪನ ಪೆಟ್ಟಿಗೆಯನ್ನೂ ಹಾಗೆಯೇ ಮಾಡಿದಳು. ಹೊನ್ನಾವರದಿಂದ ಚಿಕ್ಕಮ್ಮನ ಫೋನು ಬಂತು: “ಚಾಪೆ ಮೇಲೆ ಕಾಗೆ ಕಾಣ್ತದೆ! ನಾಲ್ಕು ಅದೆ!” ಕಾಗೆ ಕಂಡದ್ದಕ್ಕೆ ಆ ಮನೆಯಲ್ಲಿ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಅಜ್ಜಿ ರೌಟರಿನ ಮೇಲೆ ಒಂದು ದಾಸವಾಳ ಇಟ್ಟಳು. ನಿಂಬೆಹಣ್ಣು ಕಟ್ಟಲು ಹೋದಳು, ಸುಚಿತಾ ಬೇಡಿಕೊಂಡದ್ದರಿಂದ ಬಿಟ್ಟಳು.

ಮಾಲತಿ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮುರ್ಡೇಶ್ವರದ ಒಂದು ಲಾಡ್ಜು, ಕೌಂಟರಿನ ಕಂಪ್ಯೂಟರಿಗೆ ದಿನಾ ಸಂಜೆ ನೆಟ್ ಹೋಗುತ್ತದೆ, ಎರಡು ಸಲ ಜನ ಹೋಗಿ ನೋಡಿ ಬಂದರೂ ಏನೂ ಸಿಗಲಿಲ್ಲ, ನೋಡು ಎಂದರು. ಮ್ಯಾನೇಜರನೂ ಲೈನಿಗೆ ಬಂದ. ಸುಚಿತಾ ಅವನ ಕಂಪ್ಯೂಟರಿಗೆ ಕೈ ಹಾಕಿ ಒಂದೊಂದೇ ನೋಡುತ್ತ ಹೋದಳು. ಕಾರ್ಡು ಎಚ್ಚರ. ವಿಳಾಸ ಸರಿ. ದಾರಿ ಸರಿ.

ಆಗ ಗೋಡೆಯಾಚೆ ಮಂಚ ಕಿರುಗುಟ್ಟಿತು.

ಸುಚಿತಾಳ ಬೆರಳು ನಿಂತಿತು. ಅಪ್ಪ ಚಹಾದ ಲೋಟವನ್ನು ಬಾಯಿಗೂ ಮಡಿಲಿಗೂ ನಡುವೆ ಹಿಡಿದು ಕೂತುಬಿಟ್ಟ. ಆಚೆ ಸ್ವಿಚ್ಚು ಟಕ್ ಎಂದಿತು. ಪೆಟ್ಟಿಗೆ ಬೀಪ್ ಎಂದಿತು. ಆಮೇಲೆ ಗೊರಕೆ, ಮೊದಲು ಸಣ್ಣಗೆ.

“ಸುಚಿತಾ? ಇದ್ದೀಯಾ?” ಎಂದರು ಮೇಡಂ.

“ಇದ್ದೇನೆ ಮೇಡಂ.”

“ಅದೆಂಥ ಸದ್ದು? ಬೋಟಾ?”

“ಹೌದು ಮೇಡಂ. ಹತ್ರದಲ್ಲೇ.”

ಲೈನ್ ಅಲುಗಲಿಲ್ಲ. ಅಪ್ಪ ಚಹಾ ಕುಡಿದ. ಸುಚಿತಾಳಿಗೆ ಒಮ್ಮೆಲೇ ಧೈರ್ಯ ಬಂತು. ಕಂಪ್ಯೂಟರನ್ನು ಬಿಟ್ಟು ಮ್ಯಾನೇಜರನನ್ನು ಕೇಳಿದಳು: “ಸಂಜೆ ನೆಟ್ ಹೋಗೂ ಹೊತ್ತಿಗೆ ಅಲ್ಲಿ ಯಾರು ಬರ್ತ್ರು ಸರ್? ಯಾರು ಮಲ್ಗ್ತ್ರು? ಎಂತಾದ್ರೂ ಬಂದ್ ಆಗ್ತದ್ಯಾ, ಶುರು ಆಗ್ತದ್ಯಾ?”

“ಸಂಜೆ ನಮ್ ಧಣಿ ಬರ್ತ್ರು,” ಎಂದ ಮ್ಯಾನೇಜರ್ ದನಿ ತಗ್ಗಿಸಿ. “ಬಂದ ಕೂಡ್ಲೆ ಮೊಬೈಲ್ ಚಾರ್ಜಿಗೆ ಹಾಕ್ತ್ರು.”

“ಎಲ್ಲಿ ಹಾಕ್ತ್ರು?”

“ಮೇಜಿನ ಕೆಳಗೆ ಒಂದು ಪಿನ್ ಇರ್ತದೆ, ಅದನ್ನ ತೆಗ್ದು...” ಅದು ರೌಟರಿನ ಪಿನ್ ಎಂದು ಅವನಿಗೆ ಆಗ ಹೊಳೆಯಿತು. ಅಲ್ಲಿಯವರೆಗೆ ಧಣಿಯ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಮೇಡಂ ಆ ವಾರದಲ್ಲಿ ಎರಡನೇ ಸಲ ನಕ್ಕರು, ಬಹಳ ಹೊತ್ತು ನಕ್ಕರು. “ಸೋಮವಾರದಿಂದ ಕೂತ್ಕೋ,” ಎಂದರು. “ಅಂದ ಹಾಗೆ ನಿಮ್ಮ ಲೈನ್ ಸರಿಯಾಯ್ತಲ್ಲ, ಎಂತ ಆಗಿತ್ತು?”

ಸುಚಿತಾಳಿಗೆ ಬಾವಿಕಟ್ಟೆಯ ಮೇಲೆ ಓದಿದ ಆ ಮನುಷ್ಯ ನೆನಪಾದ. ಅವನಿಗೂ ಒಬ್ಬ ಚಿಕ್ಕಪ್ಪ ಇದ್ದಿರಬೇಕು. ಅವನನ್ನು ಕ್ಷಮಿಸಿದಳು.

“ಸರಿಯಾಯ್ತು ಮೇಡಂ,” ಎಂದಳು. “ಧನ್ಯವಾದ.”

ಭಟ್ಕಳದ ಮಾವನಿಗೆ ಖುರ್ಚಿ ಬೇರೆಯವರಿಗೆ ಕೊಡಲು ಹೇಳಿ ಫೋನು ಹೋಯಿತು.

ಭಾನುವಾರ ಬೆಳಿಗ್ಗೆ ಅವಳು ಕೆಲಸದ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತ ಕೂತಿದ್ದಳು. ಅಪ್ಪ ಬಾಗಿಲ ಮೇಲಿನ ಹಲಗೆ ಬಿಚ್ಚಿ ತಂದು, ತೂತಿನ ಕೆಳಗೆ ಹಿಡಿದು ನೋಡಿ, ಮೊಳೆ ಹೊಡೆಯತೊಡಗಿದ. 11. ಬೋಟು ಇದ್ದಲ್ಲಿ ಹಲಗೆ ಇರಬೇಕು ಎಂದ, ಯಾರೂ ಕೇಳದಿದ್ದರೂ. ನಾಲ್ಕು ಏಟು ಬೀಳುವಷ್ಟರಲ್ಲಿ ಆಚೆಯಿಂದಲೂ ಸುತ್ತಿಗೆಯ ಸದ್ದು ಶುರುವಾಯಿತು. ಚಿಕ್ಕಪ್ಪ ತನ್ನ 7 ಅನ್ನು ಗೋಡೆಯ ಅದೇ ಜಾಗಕ್ಕೆ, ತನ್ನ ಬದಿಯಿಂದ ಹೊಡೆಯುತ್ತಿದ್ದ. ಹಲಗೆ ಮತ್ತೆ ಒಂದಾಗಿತ್ತು, ಗೋಡೆಯನ್ನು ನಡುವೆ ಇಟ್ಟುಕೊಂಡು. ಪೂರ್ತಿ ನಂಬರ್ ಈಗ ಎರಡೂ ಮನೆಯ ಯಾರಿಗೂ ಕಾಣುತ್ತಿರಲಿಲ್ಲ.

ಎರಡು ಸುತ್ತಿಗೆಗಳ ಏಟಿಗೆ ರೌಟರ್ ಕುಣಿಯಿತು. ದಾಸವಾಳ ಕೆಳಗೆ ಬಿತ್ತು. ಸುಚಿತಾಳ ಪರದೆಯಲ್ಲಿ ಇಳಿಯುತ್ತಿದ್ದ ಸಾಫ್ಟ್‌ವೇರ್ ಅರ್ಧಕ್ಕೆ ನಿಂತಿತು.

“ಅಯ್ಯೋ!” ಎಂದಳು.

ಅಪ್ಪ ಸುತ್ತಿಗೆಯನ್ನು ಗಾಳಿಯಲ್ಲಿ ಹಿಡಿದು ನಿಂತ. ತೂತಿಗೆ ಮುಖ ಕೊಟ್ಟು ಕೇಳಿದ: “ಹೋತನಾ?”

ಅಜ್ಜಿ ಅಂಗಳದಲ್ಲಿದ್ದಳು. ದಾಟಿಸುವವರು ಯಾರೂ ಇರಲಿಲ್ಲ.

ಆಚೆಯಿಂದ ಚಿಕ್ಕಪ್ಪ, ಪೆಟ್ಟಿಗೆಯ ದೀಪ ನೋಡಿ ಬಂದು, ಅದೇ ತೂತಿನಲ್ಲಿ ಹೇಳಿದ: “ಇಲ್ಲ. ಬಂತು.”